ಕಟ್ಟಿಟ್ಟ ಪುಟ

ಮೊಳೆಯಣ್ಣ ಮೂವತ್ತೊಂದು ವರ್ಷ ಅಕ್ಷರಗಳನ್ನು ತಿರುವುಮುರುವಾಗಿ ಓದಿ ಬದುಕಿದವನು. ಛಾಪಖಾನೆಯಲ್ಲಿ ಸೀಸದ ಅಚ್ಚುಮೊಳೆಗಳನ್ನು ಖಾನೆಗಳಿಂದ ಒಂದೊಂದಾಗಿ ಹೆಕ್ಕಿ ಸಾಲು ಜೋಡಿಸುವುದು ಅವನ ಕಸುಬು. ಅಡ್ಡಹೆಸರೂ ಅಲ್ಲಿಂದಲೇ ಬಂದದ್ದು. ಬೀದಿಗೆ ಹೊಸದಾಗಿ ಬಂದವರು ಆ ಹೆಸರು ಕೇಳಿ, ಕಬ್ಬಿಣದ ಸಾಮಾನಿನ ವ್ಯಾಪಾರಿಯಿರಬೇಕು ಎಂದುಕೊಂಡು ಎರಡಿಂಚಿನ ಮೊಳೆ ಕಾಲು ಕಿಲೋ ಕೇಳಿದ್ದೂ ಉಂಟು. ಅವನು ಬೇಸರಿಸದೆ ಮೂಲೆಯ ಅಂಗಡಿಯ ದಾರಿ ತೋರಿಸುತ್ತಿದ್ದ.

ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಯಾವ ಒತ್ತಕ್ಷರ ಯಾವ ಖಾನೆಯಲ್ಲಿದೆ ಎಂದು ಅವನ ಬೆರಳುಗಳಿಗೆ ಗೊತ್ತಿತ್ತು, ಕಣ್ಣಿಗೆ ಗೊತ್ತಿರಬೇಕಾಗಿರಲಿಲ್ಲ. ಕಸುಬು ಕಲಿಸಿದ ಮುದುಕ ಮೊದಲ ದಿನವೇ ಒಂದು ಮಾತು ಹೇಳಿದ್ದನಂತೆ: ಅಕ್ಷರ ನೋಡು, ಅರ್ಥಕ್ಕೆ ಹೋಗಬೇಡ, ಅರ್ಥಕ್ಕೆ ಹೋದರೆ ಕೈ ನಿಲ್ಲುತ್ತದೆ. ಮೊಳೆಯಣ್ಣ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದ. ಕಾನೂನಿನ ಪುಸ್ತಕ, ವೈದ್ಯದ ಪುಸ್ತಕ, ಜಾತಕದ ಪುಸ್ತಕ ಎಲ್ಲವೂ ಅವನ ಕೈಯಿಂದ ಹಾದುಹೋದವು, ತಲೆಗೆ ಒಂದೂ ಹತ್ತಲಿಲ್ಲ. ‘ಓದಿ ಓದಿ ಮರುಳಾದ ಕೂಚುಭಟ್ಟ’ ಎಂಬ ಗಾದೆಯಾದರೂ ಓದಿ ಕೆಟ್ಟವನದು. ನಮ್ಮವನು ಓದದೆಯೇ ಕೆಟ್ಟ, ಅದೂ ಪುಸ್ತಕಗಳ ನಡುವೆ ನಿಂತು.

ಕೆಟ್ಟದ್ದು ಅವನೊಬ್ಬನೇ ಆಗಿದ್ದರೆ ಈ ಕಥೆ ಹೇಳುವ ಅಗತ್ಯವಿರಲಿಲ್ಲ. ಅಕ್ಕನನ್ನೂ ಎಳೆದುಕೊಂಡ.

ಅಕ್ಕ ಅವನಿಗಿಂತ ಏಳು ವರ್ಷ ದೊಡ್ಡವಳು. ಅವ್ವ ಬೇಗ ಹೋದಳು. ಅಂದಿನಿಂದ ಇವನ ಮೂಗು ಒರೆಸಿದ್ದು, ಶಾಲೆಗೆ ದೂಡಿದ್ದು, ಛಾಪಖಾನೆಗೆ ಸೇರಿಸಿದ್ದು, ಮದುವೆ ಮಾಡಿಸಿದ್ದು ಎಲ್ಲ ಅವಳೇ. ಅವನೂ ಅವನ ಹೆಂಡತಿಯೂ ಅವಳೊಂದಿಗೆ ಒಂದೇ ಮನೆಯಲ್ಲಿದ್ದರು. ನಿನ್ನ ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ ‘ಪುರುಸೊತ್ತಾಗಲಿಲ್ಲ’ ಎನ್ನುತ್ತಿದ್ದಳು, ಮುಖದಲ್ಲಿ ನಗುವಿನ ಗೆರೆಯೂ ಇಲ್ಲದೆ. ದೊಡ್ಡಾಸ್ಪತ್ರೆಯಲ್ಲಿ ಚೀಟಿ ಬರೆದುಕೊಡುವ ಕಿಟಕಿಯ ಹಿಂದೆ ಅವಳ ನೌಕರಿ. ಹೆಸರು, ವಯಸ್ಸು, ಯಾವ ಕೋಣೆ. ಕೋಣೆಯ ನಂಬರು ಬರೆದುಕೊಟ್ಟರೂ ಅರ್ಧ ಗಂಟೆಯ ನಂತರ ಅದೇ ಹೆಂಗಸು ಅದೇ ಚೀಟಿ ಹಿಡಿದು ಕಿಟಕಿಗೆ ವಾಪಸು ಬರುತ್ತಿದ್ದಳು. ಓದಲು ಬರುವುದಿಲ್ಲ ಎಂದು ಹೇಳಲು ನಾಚಿಕೆ. ‘ಆ ಕಡೆ ಯಾರೂ ಇಲ್ಲ ತಾಯಿ’ ಎಂದು ಸುಳ್ಳು ಹೇಳುತ್ತಿದ್ದಳು.

ಅಂಥವರನ್ನು ಅಕ್ಕ ಸಂಜೆ ಮನೆಗೆ ಕರೆಯತೊಡಗಿದಳು. ಬೀದಿಗೆ ತೆರೆದ ಮುಂಗೋಣೆ, ಗೋಡೆಗೆ ಒರಗಿಸಿಟ್ಟ ಕಪ್ಪು ಹಲಗೆ, ನೆಲಕ್ಕೆ ಎರಡು ಚಾಪೆ. ಕಸ ಗುಡಿಸುವವರು, ಬಟ್ಟೆ ಇಸ್ತ್ರಿ ಮಾಡುವವರು, ಮೊಮ್ಮಕ್ಕಳಿರುವ ಅಜ್ಜಿಯರು ಬಂದು ಕೂರುತ್ತಿದ್ದರು. ಮಕ್ಕಳ ಅಕ್ಷರಮಾಲೆ ಕೊಟ್ಟರೆ ಅವರಿಗೆ ಅವಮಾನ. ದಾರಿಯಲ್ಲಿ ಯಾರಾದರೂ ನೋಡಿದರೆ ಮೊಮ್ಮಗನಿಗೆ ಎಂದು ಸೆರಗಿನಲ್ಲಿ ಮುಚ್ಚಿಡುತ್ತಿದ್ದರು. ಅದಕ್ಕೇ ಅಕ್ಕ ತನ್ನದೇ ಪಾಠಗಳನ್ನು ಕಟ್ಟಿದಳು. ಒಬ್ಬ ಹೆಂಗಸು ಮೊದಲ ಪಾಠದಲ್ಲಿ ಬೋರ್ಡು ಓದಲಾರದೆ ಬೇರೆ ಬಸ್ಸು ಹತ್ತಿಬಿಡುತ್ತಾಳೆ. ಐದನೆಯದರಲ್ಲಿ ಔಷಧಿ ಬಾಟಲಿಯ ಮೇಲಿನ ಚೀಟಿ ಓದುತ್ತಾಳೆ. ಇಪ್ಪತ್ತನೆಯದರಲ್ಲಿ ಗಂಡ ಬಚ್ಚಿಟ್ಟ ಕಾಗದವೊಂದು ಅವಳ ಕೈಗೆ ಸಿಗುತ್ತದೆ, ಗಂಡನಿಗೆ ಬೆವರು. ನಲವತ್ತನೆಯದರಲ್ಲಿ ಮಗಳಿಗೆ ತಾನೇ ಪತ್ರ ಬರೆಯುತ್ತಾಳೆ. ಆ ಹೆಂಗಸಿಗೆ ಅಕ್ಕ ಹೆಸರಿಟ್ಟಿರಲಿಲ್ಲ. ಕಲಿಯಲು ಬಂದವರೇ ಅವಳನ್ನು ‘ನಮ್ಮವಳು’ ಎಂದು ಕರೆದರು. ‘ಇವತ್ತು ನಮ್ಮವಳು ಎಲ್ಲಿಗೆ ಹೋಗ್ತಾಳೆ?’ ಎಂದು ಬಾಗಿಲಲ್ಲೇ ಕೇಳಿಕೊಂಡು ಒಳಗೆ ಬರುತ್ತಿದ್ದರು.

ಇದನ್ನು ಪುಸ್ತಕ ಮಾಡೋಣ ಎಂದವನು ಮೊಳೆಯಣ್ಣ. ಅಕ್ಕನಿಗೆ ಆಗ ನಲವತ್ತಾರು. ಛಾಪಖಾನೆಯ ಯಜಮಾನರು ಬಾಯಿಮಾತಿನ ಮನುಷ್ಯ. ಕಾಗದದ ಮೇಲೆ ವ್ಯಾಪಾರ ಮಾಡುತ್ತಿದ್ದರೂ ಕಾಗದದ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ. ಹಸ್ತಪ್ರತಿಯ ನಾಲ್ಕು ಹಾಳೆ ಮಗುಚಿ, ‘ನಿಮ್ಮಕ್ಕಂದು ತಾನೇ, ಹಾಕು’ ಎಂದರು. ಕರಾರಿಲ್ಲ, ಸಹಿಯಿಲ್ಲ. ಅಕ್ಕ ಒಂದು ಸಲ ಬಂದು ಯಜಮಾನರಿಗೆ ಕೈಮುಗಿದು, ಯಂತ್ರದ ಸದ್ದಿಗೆ ಕಿವಿ ಮುಚ್ಚಿಕೊಂಡು, ತಮ್ಮ ನಿಂತು ಕೆಲಸ ಮಾಡುವ ಜಾಗವನ್ನು ನೋಡಿ ಹೋದಳು.

ಪುಸ್ತಕದ ಪ್ರತಿ ಸಾಲನ್ನೂ ಮೊಳೆಯಣ್ಣನೇ ಜೋಡಿಸಿದ. ಹೊಸದಾಗಿ ಓದುವವರ ಕಣ್ಣಿಗೆ ಹಿತವಾಗಲಿ ಎಂದು ದೊಡ್ಡ ಮೊಳೆ ಆರಿಸಿದ, ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಟ್ಟ. ನಲವತ್ತು ಪಾಠ ಮುಗಿದು ಉಳಿದದ್ದು ಒಂದೇ ಪುಟ: ಹೆಸರಿನ ಪುಟದ ಹಿಂಬದಿ. ಅಚ್ಚಾದ ವರ್ಷ, ಛಾಪಖಾನೆಯ ವಿಳಾಸ, ಹಕ್ಕುಗಳು ಯಾರವು ಎಂಬ ಸಾಲು, ಇವೆಲ್ಲ ಬರುವ ಪುಟ. ಅದನ್ನು ಯಾರೂ ಓದುವುದಿಲ್ಲ.

ಆ ಪುಟವನ್ನು ಛಾಪಖಾನೆಯಲ್ಲಿ ಪ್ರತಿ ಸಲ ಹೊಸದಾಗಿ ಜೋಡಿಸುತ್ತಿರಲಿಲ್ಲ. ಒಮ್ಮೆ ಜೋಡಿಸಿದ್ದನ್ನು ದಾರದಲ್ಲಿ ಬಿಗಿದು, ತಗಡಿನ ತಟ್ಟೆಯಲ್ಲಿ ಕಿಟಕಿಯ ಕೆಳಗೆ ಇಟ್ಟಿರುತ್ತಿದ್ದರು. ಯಜಮಾನರು ಹೆಚ್ಚಾಗಿ ಹಾಕುತ್ತಿದ್ದದ್ದು ಪರೀಕ್ಷೆಯ ಗೈಡುಗಳು. ಮೇಷ್ಟ್ರುಗಳನ್ನು ಕೂರಿಸಿ, ಸಂಬಳ ಕೊಟ್ಟು ಬರೆಸಿದ ಪುಸ್ತಕಗಳು. ಹೊಸ ಗೈಡು ಬಂದಾಗ ದಾರ ಬಿಚ್ಚಿ ಹೆಸರು, ವರ್ಷ ಬದಲಿಸಿ ಮತ್ತೆ ಕಟ್ಟಿದರೆ ಆಯಿತು. ಅದರ ನಡುವೆ ಒಂದು ಸಾಲು ಎಂದಿಗೂ ಬದಲಾಗುತ್ತಿರಲಿಲ್ಲ: ಎಲ್ಲ ಹಕ್ಕುಗಳು ಪ್ರಕಾಶಕರವು. ಹೊರಗಿನವರು ತಮ್ಮ ಪುಸ್ತಕ ತಂದು, ಹಕ್ಕು ತಮ್ಮದೆಂದು ಪಟ್ಟು ಹಿಡಿದರೆ ಮಾತ್ರ ಆ ಸಾಲನ್ನು ತೆಗೆದು ಬೇರೆ ಇಡುತ್ತಿದ್ದರು. ಒಬ್ಬ ಕವಿ ಹಾಗೆ ಪಟ್ಟು ಹಿಡಿದಿದ್ದ. ಅವನ ಪುಸ್ತಕ ಇಪ್ಪತ್ತು ಪ್ರತಿಯೂ ಹೋಗಲಿಲ್ಲ, ಹಕ್ಕು ಮಾತ್ರ ಭದ್ರವಾಗಿ ಅವನ ಹತ್ತಿರವೇ ಉಳಿಯಿತು ಎಂದು ಕೆಲಸದವರು ಎಷ್ಟೋ ದಿನ ನಕ್ಕಿದ್ದರು.

ಅಕ್ಕ ಪಟ್ಟು ಹಿಡಿಯಲಿಲ್ಲ, ಯಾಕೆಂದರೆ ಪಟ್ಟು ಹಿಡಿಯುವಂಥದ್ದೊಂದಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ಮೊಳೆಯಣ್ಣ. ಅವನು ಆ ಮಧ್ಯಾಹ್ನ ದಾರ ಬಿಚ್ಚಿದ, ಪುಸ್ತಕದ ಹೆಸರು ಇಟ್ಟ, ಅಕ್ಕನ ಹೆಸರು ಇಟ್ಟ, ವರ್ಷ ಬದಲಿಸಿದ, ಮತ್ತೆ ಕಟ್ಟಿದ. ಆ ಒಂದು ಸಾಲಿನ ಮೇಲೆ ಅವನ ಬೆರಳು ಹಾದುಹೋಯಿತು, ಕೈ ನಿಲ್ಲಲಿಲ್ಲ. ಹತ್ತು ನಿಮಿಷದ ಕೆಲಸ. ಯಜಮಾನರಿಗೂ ಅಕ್ಕನ ಪಾಠಗಳನ್ನು ಹೊಡೆದುಕೊಳ್ಳುವ ಯೋಚನೆ ಕನಸಿನಲ್ಲೂ ಇರಲಿಲ್ಲ. ಅವರು ಆ ಪುಟದ ಕಡೆ ತಿರುಗಿಯೂ ನೋಡಲಿಲ್ಲ. ಹೀಗೆ ಯಾರೂ ಕದಿಯದೆ ಕಳವಾಯಿತು.

ಪುಸ್ತಕ ಚೆನ್ನಾಗಿ ಓಡಿತು. ಹತ್ತು ವರ್ಷದಲ್ಲಿ ಏಳು ಸಲ ಅಚ್ಚಾಯಿತು. ದೂರದ ಸಂಜೆ ಶಾಲೆಗಳಿಂದ ಅಕ್ಕನಿಗೆ ಓರೆಕೋರೆ ಅಕ್ಷರದ ಪತ್ರಗಳು ಬರುತ್ತಿದ್ದವು, ಬದುಕಿನಲ್ಲಿ ಮೊದಲ ಸಲ ಪತ್ರ ಬರೆದವರ ಪತ್ರಗಳು. ಹೆಚ್ಚಿನವರು ಕೇಳುತ್ತಿದ್ದದ್ದು ಒಂದನ್ನೇ: ಆಮೇಲೆ ನಮ್ಮವಳು ಏನು ಮಾಡಿದಳು? ಅಕ್ಕನಿಗೂ ಅದೇ ಬೇಕಾಗಿತ್ತು. ಅವಳು ಎರಡನೇ ಭಾಗ ಕಟ್ಟತೊಡಗಿದಳು. ಓದು ಕಲಿತ ಹೆಂಗಸು ಈಗ ಕಛೇರಿಗಳಿಗೆ ಹೋಗುತ್ತಾಳೆ, ಬಾಡಿಗೆಯ ಕರಾರು ಓದುತ್ತಾಳೆ, ಹೆಬ್ಬೆಟ್ಟು ಒತ್ತು ಎಂದವರಿಗೆ ‘ಇದರಲ್ಲಿ ಏನಿದೆ, ಓದ್ತೀನಿ ಇರಿ’ ಎನ್ನುತ್ತಾಳೆ. ಪಾಠಗಳನ್ನು ಅಕ್ಕ ಮೊದಲು ಬರೆಯುತ್ತಿರಲಿಲ್ಲ. ಸಂಜೆ ತರಗತಿಯಲ್ಲಿ ಬಾಯಲ್ಲಿ ಹೇಳಿ, ಕೇಳುವವರು ಎಲ್ಲಿ ನಕ್ಕರು, ಎಲ್ಲಿ ಆಕಳಿಸಿದರು ನೋಡಿಕೊಂಡು, ಹದ ಬಂದ ಮೇಲೆ ನೋಟುಬುಕ್ಕಿಗೆ ಇಳಿಸುತ್ತಿದ್ದಳು. ಏಳು ಪಾಠ ಇಳಿದಿದ್ದವು. ಇನ್ನೂ ಮೂವತ್ತು ತಲೆಯಲ್ಲಿವೆ ಎನ್ನುತ್ತಿದ್ದಳು. ಅವಳು ಅಷ್ಟು ಸಂತೋಷವಾಗಿದ್ದದ್ದನ್ನು ಮೊಳೆಯಣ್ಣ ಅದಕ್ಕೆ ಮೊದಲು ಕಂಡಿರಲಿಲ್ಲ.

ಅಷ್ಟರಲ್ಲಿ ಯಜಮಾನರು ತೀರಿಕೊಂಡರು. ಅವರ ಅಳಿಯ ಛಾಪಖಾನೆಯನ್ನು ಪುಸ್ತಕದ ದೊಡ್ಡ ಕಂಪನಿಯೊಂದಕ್ಕೆ ಒಪ್ಪಿಸಿದ. ಸೀಸದ ಮೊಳೆಗಳು ಕರಗಲು ಹೋದವು. ಕಂಪನಿಯವರು ಗೈಡುಗಳನ್ನು ಇಟ್ಟುಕೊಂಡರು, ಉಳಿದ ಪುಸ್ತಕಗಳನ್ನು ಮತ್ತೆ ಹಾಕಲಿಲ್ಲ. ಹಳೇ ಕೆಲಸದವರಲ್ಲಿ ಮೊಳೆಯಣ್ಣನನ್ನು ಮಾತ್ರ ಗೋದಾಮಿನಲ್ಲಿ ಪುಸ್ತಕಗಳ ಕಟ್ಟು ಕಟ್ಟಲು ಉಳಿಸಿಕೊಂಡರು.

ಅಕ್ಕ ಕಂಪನಿಗೆ ಪತ್ರ ಬರೆದಳು. ಮೊದಲ ಭಾಗ ಎಲ್ಲೂ ಸಿಗುತ್ತಿಲ್ಲ, ಎರಡನೆಯದು ಸಿದ್ಧವಾಗುತ್ತಿದೆ, ನೀವು ಹಾಕುವಿರಾ, ಇಲ್ಲವಾದರೆ ಬೇರೆ ಕಡೆ ಮಾಡಿಸಿಕೊಳ್ಳುತ್ತೇನೆ ಎಂದು ಮರ್ಯಾದೆಯಾಗಿ ಕೇಳಿದ್ದಳು. ಉತ್ತರ ಬೇಗ ಬಂತು. ಮ್ಯಾನೇಜರು ಸಹಿ ಮಾಡಿದ್ದ. ಸದ್ಯ ಅಂಥ ಯೋಚನೆಯಿಲ್ಲ. ಪುಸ್ತಕದಲ್ಲೇ ಅಚ್ಚಾಗಿರುವಂತೆ ಎಲ್ಲ ಹಕ್ಕುಗಳು ಪ್ರಕಾಶಕರವಾಗಿರುವುದರಿಂದ, ಅದರ ಪಾಠಗಳನ್ನಾಗಲಿ ಪಾತ್ರವನ್ನಾಗಲಿ ಬೇರೆಡೆ ಯಾವ ರೂಪದಲ್ಲೂ ಬಳಸಕೂಡದು. ಮ್ಯಾನೇಜರು ಕೆಟ್ಟವನೇನಲ್ಲ, ಪುಸ್ತಕ ತೆರೆದ, ಸಾಲು ಕಂಡ, ನಂಬಿದ.

ಅಕ್ಕ ಪತ್ರವನ್ನು ತಮ್ಮನ ಕೈಗೆ ಕೊಟ್ಟಳು. ‘ನೀನು ಅಚ್ಚಿನ ಮನೆಯಲ್ಲಿ ಬೆಳೆದವನು. ನೋಡು, ಇವರು ಹೇಳ್ತಿರೋದು ಸರಿನಾ?’

ಮೊಳೆಯಣ್ಣ ಕಪಾಟಿನಿಂದ ಪುಸ್ತಕ ತೆಗೆದ, ಆ ಪುಟ ತಿರುಗಿಸಿದ. ಹತ್ತು ವರ್ಷದ ನಂತರ ಮೊದಲ ಸಲ ಅದನ್ನು ಅರ್ಥಕ್ಕಾಗಿ ಓದಿದ. ಕಿಟಕಿಯ ಕೆಳಗಿನ ತಟ್ಟೆ, ದಾರ, ಆ ಮಧ್ಯಾಹ್ನ, ಎಲ್ಲ ಕಣ್ಣ ಮುಂದೆ ಬಂದು ನಿಂತವು.

‘ಅಚ್ಚಾಗಿಬಿಟ್ಟಿದೆ ಅಕ್ಕಾ,’ ಎಂದ. ‘ಇನ್ನೇನೂ ಮಾಡೋಕಾಗಲ್ಲ.’

ಯಾರನ್ನಾದರೂ ಕೇಳೋಣವೇ ಎಂದಳು ಅಕ್ಕ. ಆಸ್ಪತ್ರೆಗೆ ಬರುವ ವಕೀಲರೊಬ್ಬರ ಪರಿಚಯವಿದೆ ಎಂದಳು. ಕೇಳುವುದೇನಿದೆ, ಕಪ್ಪು ಮಸಿಯಲ್ಲಿ ಇದೆಯಲ್ಲ ಎಂದು ಮೊಳೆಯಣ್ಣ ಸ್ವಲ್ಪ ಜೋರಾಗಿಯೇ ಹೇಳಿದ. ಜೋರಿಗೆ ಕಾರಣವಿತ್ತು. ವಕೀಲರು ಬಂದರೆ ಆ ಸಾಲನ್ನು ಯಾರು ಇಟ್ಟರು ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಯ ಮುಂದೆ ನಿಲ್ಲುವ ಧೈರ್ಯ ಅವನಿಗಿರಲಿಲ್ಲ. ಅದೂ ಅಲ್ಲದೆ ಅಚ್ಚಾದದ್ದು ಸುಳ್ಳಾಗಿರಬಹುದು ಎಂಬ ಯೋಚನೆಯೇ ಅವನಿಗೆ ಹೊಳೆಯಲಿಲ್ಲ. ಜೀವಮಾನವೆಲ್ಲ ಅಕ್ಷರ ಜೋಡಿಸಿದವನಿಗೆ, ಜೋಡಿಸಿ ಮಸಿ ಬಳಿದು ಒತ್ತಿದ ಮೇಲೆ ಅದು ಆಯಿತು ಎಂದೇ ಲೆಕ್ಕ.

ಅಕ್ಕ ಮತ್ತೆ ಕೇಳಲಿಲ್ಲ. ಆ ಸಂಜೆ ತರಗತಿಯಲ್ಲಿ ನಮ್ಮವಳ ಕಥೆ ಮುಂದುವರಿಯಲಿಲ್ಲ. ನಾಳೆ ಹೇಳುತ್ತೇನೆ ಎಂದು ಲೆಕ್ಕ ಹೇಳಿಕೊಟ್ಟಳು. ಆ ನಾಳೆಯೂ ಬರಲಿಲ್ಲ. ತನ್ನ ಪಾಠವನ್ನೇ ಕದ್ದು ಹೇಳಬೇಕಾದ ಸ್ಥಿತಿ ಅವಳಿಗೆ ಹಿಡಿಸಲಿಲ್ಲ. ಬರುವವರು ಒಬ್ಬೊಬ್ಬರಾಗಿ ಕಡಿಮೆಯಾದರು, ವರ್ಷ ತುಂಬುವುದರೊಳಗೆ ಚಾಪೆಗಳನ್ನು ಸುತ್ತಿ ಅಟ್ಟಕ್ಕೆ ಹಾಕಿದ್ದಾಯಿತು. ಮುಂದೆ ಒಂದು ದಿನ ಮನೆ ಚೊಕ್ಕಟ ಮಾಡುವಾಗ ಅವಳು ಹಳೇ ಕಾಗದಗಳ ಕಟ್ಟೊಂದನ್ನು ಎತ್ತಿಕೊಟ್ಟಳು, ಏಳು ಪಾಠದ ನೋಟುಬುಕ್ಕು ಅದರಲ್ಲೇ ಇತ್ತು. ಆ ಕಟ್ಟನ್ನು ಸೈಕಲ್ಲಿನ ಕ್ಯಾರಿಯರಿಗೆ ಬಿಗಿದು ರದ್ದಿ ಅಂಗಡಿಗೆ ಹಾಕಿ ಬಂದವನು ಮೊಳೆಯಣ್ಣನೇ. ಇದನ್ನೂ ರದ್ದಿಗೆ ಹಾಕೋದಾ ಎಂದು ಒಂದು ಮಾತು ಕೇಳಬಹುದಾಗಿತ್ತು. ಕೇಳಲಿಲ್ಲ.

ಹದಿನೆಂಟು ವರ್ಷ ಕಳೆದವು. ಅಕ್ಕನಿಗೆ ಎಪ್ಪತ್ನಾಲ್ಕಾಯಿತು. ಕನ್ನಡಕ ಹಾಕಿದರೆ ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು, ಬೆರಳುಗಳು ಮಾತ್ರ ಬಿಗಿದು ಸೊಟ್ಟಗಾಗಿದ್ದವು. ಅದೇ ಮುಂಗೋಣೆಯ ಮಂಚದ ಮೇಲೆ ಕೂತು ಬೀದಿ ನೋಡುತ್ತಿದ್ದಳು. ಮೊಳೆಯಣ್ಣ ಗೋದಾಮಿನಿಂದ ನಿವೃತ್ತನಾಗಿ ದಿನಾ ಬೆಳಿಗ್ಗೆ ಬಡಾವಣೆಯ ವಾಚನಾಲಯಕ್ಕೆ ಪತ್ರಿಕೆ ಓದಲು ಹೋಗುತ್ತಿದ್ದ.

ಒಂದು ಬೆಳಿಗ್ಗೆ ಅಲ್ಲಿ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು. ನಿಮ್ಮ ಕೃತಿ, ನಿಮ್ಮ ಹಕ್ಕು ಎಂದು ಬಟ್ಟೆಯ ಮೇಲೆ ಬರೆದು ಕಟ್ಟಿದ್ದರು. ವಕೀಲೆಯೊಬ್ಬಳು ಬಂದು ಉಚಿತವಾಗಿ ತಿಳಿಸಿಕೊಡುತ್ತಾಳಂತೆ. ಮೊಳೆಯಣ್ಣ ಎಂದಿನಂತೆ ಫ್ಯಾನಿನ ಕೆಳಗಿನ ಕುರ್ಚಿ ಹಿಡಿದಿದ್ದ. ಜನ ತುಂಬಿ, ಎದ್ದು ಹೋಗಲು ದಾರಿಯಿಲ್ಲದಂತಾಯಿತು. ವಕೀಲೆ ಮಗಳ ವಯಸ್ಸಿನ ಹುಡುಗಿ, ನೋಡಲು ಇನ್ನೂ ಕಾಲೇಜಿಗೆ ಹೋಗುವವಳಂತಿದ್ದಳು, ಆದರೆ ಮಾತು ಸ್ಫುಟ. ಮನೆಯಲ್ಲಿ ಸಾಬೂನು ಮಾಡುವವನೊಬ್ಬ ತನ್ನ ಸಾಬೂನಿಗೆ ಅಮ್ಮನ ಹೆಸರಿಟ್ಟಿದ್ದೇನೆ, ಪಕ್ಕದ ಬೀದಿಯವನೂ ಅದೇ ಹೆಸರಿಟ್ಟಿದ್ದಾನೆ ಎಂದ. ಅದು ಟ್ರೇಡ್‌ಮಾರ್ಕಿನ ವಿಷಯ ಎಂದಳು: ಮಾಲು ಯಾರದೆಂದು ಗಿರಾಕಿಗೆ ತಿಳಿಸುವ ಹೆಸರು, ಗುರುತು. ಸೈಕಲ್ ರಿಪೇರಿಯವನು ಒಂದೇ ಕೈಯಲ್ಲಿ ಟೈರು ಬಿಚ್ಚುವ ಉಪಕರಣ ಮಾಡಿದ್ದ. ಅದು ನಿಜಕ್ಕೂ ಹೊಸದಾಗಿದ್ದರೆ ಪೇಟೆಂಟು, ಅರ್ಜಿ ಹಾಕಿ ಪಡೆಯಬೇಕು, ಪಡೆಯುವ ಮೊದಲು ಹೀಗೆ ಸಭೆಯಲ್ಲಿ ತೋರಿಸಬಾರದು ಎಂದಳು. ಅವನು ಉಪಕರಣವನ್ನು ಥಟ್ಟನೆ ಚೀಲಕ್ಕೆ ತುಂಬಿಕೊಂಡ, ಎಲ್ಲರೂ ನಕ್ಕರು.

ಆಮೇಲೆ ಅವಳು ಪುಸ್ತಕ, ಹಾಡು, ಚಿತ್ರಗಳ ವಿಷಯಕ್ಕೆ ಬಂದಳು. ಕಾಪಿರೈಟು ಎಂದರೆ ಇಷ್ಟೇ, ಬರೆದದ್ದು ಬರೆದವರದು. ಬರೆದ ಕ್ಷಣದಿಂದ ಅವರದು, ಎಲ್ಲೂ ನೋಂದಾಯಿಸಬೇಕಾಗಿಲ್ಲ. ಬರೀ ಯೋಚನೆಗೆ ಯಾರೂ ಬೇಲಿ ಹಾಕುವಂತಿಲ್ಲ. ಅದನ್ನು ಹೇಳಿದ ರೀತಿ, ಆ ಮಾತುಗಳು, ಅವು ಹೇಳಿದವರ ಸ್ವತ್ತು. ಸಂಬಳಕ್ಕೆ ಕೂತು ಬರೆದುಕೊಟ್ಟದ್ದು ಸಾಮಾನ್ಯವಾಗಿ ಸಂಬಳ ಕೊಟ್ಟವರದು. ಉಳಿದಂತೆ, ಅಚ್ಚು ಹಾಕಿ ಎಂದು ಕೊಟ್ಟರೆ ಅಚ್ಚು ಹಾಕಲು ಒಪ್ಪಿಗೆ ಕೊಟ್ಟ ಹಾಗೆ, ಅಷ್ಟೇ. ಒಡೆತನವನ್ನೇ ಬಿಟ್ಟುಕೊಡುವುದು ಬೇರೆ. ಅದಕ್ಕೆ ಬರಹದಲ್ಲಿ ಕರಾರು ಬೇಕು, ಬರೆದವರ ಸಹಿ ಬೇಕು.

ಮೊಳೆಯಣ್ಣನ ಕೈಯಲ್ಲಿದ್ದ ಪತ್ರಿಕೆ ಮಡಿಲಿಗೆ ಇಳಿಯಿತು.

ಸಭೆ ಮುಗಿದು ಎಲ್ಲರೂ ಹೋಗುವವರೆಗೂ ಕಾದ. ತನ್ನ ಸ್ನೇಹಿತರೊಬ್ಬರ ವಿಷಯ ಎಂದು ಶುರುಮಾಡಿದ. ಹೀಗೊಂದು ಪುಸ್ತಕ, ಹೀಗೊಂದು ಸಾಲು, ಹೀಗೊಂದು ಪತ್ರ. ಸ್ನೇಹಿತರು ಏನಾದರೂ ಸಹಿ ಮಾಡಿದ್ದರೇ ಎಂದು ಅವಳು ಕೇಳಿದಳು. ಇಲ್ಲ. ಅವರು ಅಲ್ಲಿ ನೌಕರಿಗಿದ್ದರೇ? ಇಲ್ಲ, ಆಸ್ಪತ್ರೆಯಲ್ಲಿ. ಯಾವುದಾದರೂ ಕಾಗದ, ಒಂದು ಚೀಟಿ? ಏನೂ ಇಲ್ಲ, ಯಜಮಾನರು ಬಾಯಿಮಾತಿನವರು.

‘ಹಾಗಾದ್ರೆ ಆ ಸಾಲಿಗೆ ಬೆಲೆ ಇಲ್ಲ ಸರ್,’ ಎಂದಳು ವಕೀಲೆ. ‘ನಿಮ್ಮ ಮನೆ ಗೋಡೆ ಮೇಲೆ ಯಾರೋ ಬಂದು ಅವರ ಹೆಸರು ಬರೆದು ಹೋದ್ರೆ ಮನೆ ಅವರದಾಗುತ್ತಾ? ಪುಸ್ತಕ ಅವತ್ತೂ ಅವರದೇ, ಇವತ್ತೂ ಅವರದೇ.’

‘ಅಚ್ಚಾಗಿತ್ತಲ್ಲ ಮೇಡಂ.’

‘ಅಚ್ಚಾಗಿದ್ದೆಲ್ಲ ನಿಜ ಆಗಲ್ಲ ಸರ್.’

ಅವಳು ಹಗುರಾಗಿ ಹೇಳಿದ್ದಳು. ಮೊಳೆಯಣ್ಣ ಅಲ್ಲೇ ಖಾಲಿ ಕುರ್ಚಿಯ ಮೇಲೆ ಕೂತುಬಿಟ್ಟ. ನೀರು ಬೇಕೇ ಎಂದು ಕೇಳಿದಳು. ಆಗ ಅವನು, ಸ್ನೇಹಿತರಲ್ಲ, ನನ್ನ ಅಕ್ಕ ಎಂದ. ವಕೀಲೆ, ಕಂಪನಿಗೆ ತಾನೇ ಒಂದು ಪತ್ರ ಬರೆದುಕೊಡುತ್ತೇನೆ, ಅಕ್ಕನವರು ಸಹಿ ಮಾಡಿದರೆ ಸಾಕು, ಮೊದಲ ಭಾಗವನ್ನು ಅವರು ಯಾರಿಂದ ಬೇಕಾದರೂ ಅಚ್ಚು ಹಾಕಿಸಬಹುದು ಎಂದಳು. ಎರಡೇ ದಿನದಲ್ಲಿ ಪತ್ರ ಸಿದ್ಧ ಮಾಡಿ ಕೊಟ್ಟಳು.

ಆ ಪತ್ರ ನಾಲ್ಕು ದಿನ ಮೊಳೆಯಣ್ಣನ ಅಂಗಿಯ ಜೇಬಿನಲ್ಲೇ ಇತ್ತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಮಾತನ್ನು ಅವನೇ ಎಷ್ಟೋ ಗೈಡುಗಳಲ್ಲಿ ಜೋಡಿಸಿದ್ದ. ಈಗ ಅದು ಜೇಬಿನಲ್ಲಿ ಕೂತಿತ್ತು. ಸಂತೋಷದ ಸುದ್ದಿಯಲ್ಲವೇ, ಓಡಿ ಹೋಗಿ ಹೇಳಬೇಕಲ್ಲವೇ ಎಂದು ಯಾರಾದರೂ ಕೇಳಬಹುದು. ಆದರೆ ಪುಸ್ತಕ ಯಾವತ್ತೂ ನಿನ್ನದೇ ಆಗಿತ್ತು ಎಂದು ಹೇಳುವುದೂ, ಹದಿನೆಂಟು ವರ್ಷ ನೀನು ಸುಮ್ಮನೆ ಬಾಯಿ ಕಟ್ಟಿಕೊಂಡೆ ಎಂದು ಹೇಳುವುದೂ ಒಂದೇ. ಅಂಗಿ ಒಗೆಯಲು ತೆಗೆದಾಗ ಪತ್ರ ಹೆಂಡತಿಯ ಕೈಗೆ ಸಿಕ್ಕಿತು. ಅವಳಿಗೆ ಎಲ್ಲವನ್ನೂ ಹೇಳಿದ, ಕಟ್ಟಿಟ್ಟ ಪುಟದ ವಿಷಯವನ್ನೂ. ಹೆಂಡತಿ ಒದ್ದೆ ಕೈ ಒರೆಸಿಕೊಂಡು ಕೇಳಿದಳು.

‘ಅಕ್ಕ ಬೈತಾರೆ ಅಂತ ಭಯಾನಾ ನಿಮಗೆ?’

‘ಬೈದ್ರೆ ಬದುಕಿಕೊಂಡೆ. ಬೈಯಲ್ಲ ಅಂತ ಭಯ.’

‘ಹೇಳಲೇಬೇಕು. ಅವರ ಸಹಿ ಬೇಕಲ್ಲ,’ ಎಂದಳು ಅವಳು. ‘ಈ ಸಲನೂ ಅವರನ್ನ ಕೇಳದೆ ಏನೂ ಮಾಡಬೇಡಿ.’

ಮೊಳೆಯಣ್ಣ ಮುಂಗೋಣೆಗೆ ಹೋದ. ಅಕ್ಕ ಮಂಚದ ಮೇಲೆ ಕಾಲು ನೀಡಿ ಕೂತಿದ್ದಳು. ಪತ್ರ ಕೊಟ್ಟು, ನಿಂತುಕೊಂಡೇ ಹೇಳಿದ: ವಾಚನಾಲಯ, ವಕೀಲೆ, ಬೆಲೆಯಿಲ್ಲದ ಸಾಲು. ಅಕ್ಕ ಕನ್ನಡಕ ಹಾಕಿಕೊಂಡು ಪತ್ರವನ್ನು ಮೊದಲಿಂದ ಕೊನೆಯವರೆಗೆ ಓದಿದಳು, ಮತ್ತೆ ಮೊದಲಿಂದ ಓದಿದಳು. ಒಂದೆರಡು ಪದ ತಿಳಿಯದೆ ಕೇಳಿದಳು, ಅವನು ಹೇಳಿದ. ಪೆನ್ನು ಹಿಡಿಯಲು ಹೆಬ್ಬೆರಳು ಮಣಿಯಲಿಲ್ಲ. ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಸಹಿ ಹಾಕಿದಳು.

ಆಮೇಲೆ ಉಳಿದದ್ದನ್ನು ಅವನು ಹೇಳಿದ. ಆ ಸಾಲನ್ನು ಯಜಮಾನರು ಹಾಕಿಸಿದ್ದಲ್ಲ, ಗೈಡುಗಳಿಗೆ ಕಟ್ಟಿಟ್ಟಿದ್ದ ಪುಟ, ನಾನು ಬದಲಿಸಲಿಲ್ಲ, ಬದಲಿಸಬೇಕು ಎಂದು ನನಗೊಬ್ಬನಿಗೇ ಗೊತ್ತಿತ್ತು ಎಂದ.

‘ನೀನೇ ಅಂತ ನಂಗೆ ಗೊತ್ತಿತ್ತು,’ ಎಂದಳು ಅಕ್ಕ. ‘ಪುಸ್ತಕ ಪೂರ್ತಿ ನೀನೇ ಜೋಡಿಸಿದ್ದು, ಅದೊಂದು ಪುಟ ಇನ್ಯಾರು ಜೋಡಿಸ್ತಾರೆ? ಅವತ್ತು ಪುಸ್ತಕ ಹಿಡಿದಾಗ ನಿನ್ನ ಮುಖ ನೋಡಿದ್ನಲ್ಲ. ಕೇಳೋಕೆ ಹೋದ್ರೆ ಕಂಪನಿಯವರು ನಿನ್ನ ಕೆಲಸಕ್ಕೆ ಕಲ್ಲು ಹಾಕ್ತಾರೆ ಅಂತ ಸುಮ್ಮನಾದೆ.’

ಮೊಳೆಯಣ್ಣ ತನ್ನ ಮುಖ ಉಳಿಸಿಕೊಳ್ಳಲು ಅಕ್ಕನನ್ನು ಸುಮ್ಮನಾಗಿಸಿದ್ದ. ಅವಳು ತಮ್ಮನ ಅನ್ನ ಉಳಿಸಲು ಸುಮ್ಮನಾಗಿದ್ದಳು. ಗೋದಾಮಿನಲ್ಲಿ ಕಟ್ಟು ಕಟ್ಟುವ ಆ ಕೆಲಸಕ್ಕಾಗಿ.

ಅಕ್ಕ ಕನ್ನಡಕ ತೆಗೆದು ಪತ್ರದ ಮೇಲಿಟ್ಟಳು. ‘ಹಾಗಾದ್ರೆ ಎರಡನೇ ಭಾಗ ಬರೀಬಹುದಿತ್ತಾ?’

‘ಬರೀಬಹುದಿತ್ತು ಅಕ್ಕಾ.’

‘ಯಾರೂ ಬೇಡ ಅನ್ನೋ ಹಾಗಿರಲಿಲ್ವಾ?’

‘ಯಾರೂ ಅನ್ನೋ ಹಾಗಿರಲಿಲ್ಲ.’

ಅವಳು ಬೀದಿಯ ಕಡೆ ನೋಡಿದಳು. ಮೊಳೆಯಣ್ಣ ಒಳಗೆ ಓಡಿದ, ಬಿಳಿ ಹಾಳೆಗಳನ್ನೂ ಪೆನ್ನನ್ನೂ ತಂದ, ಮಂಚದ ಪಕ್ಕ ನೆಲದ ಮೇಲೆ ಕೂತ. ಈಗಲೂ ಆಗುತ್ತದೆ, ನೀನು ಹೇಳು, ನಾನು ಬರೆಯುತ್ತೇನೆ, ನಿನ್ನ ಕೈ ನೋಯಬೇಕಾಗಿಲ್ಲ ಎಂದ. ಮೂವತ್ತು ಪಾಠ ತಲೆಯಲ್ಲಿವೆ ಎನ್ನುತ್ತಿದ್ದೆಯಲ್ಲ, ಯಾವುದು ಮೊದಲು ಬರುತ್ತದೋ ಅದನ್ನೇ ಹೇಳು ಎಂದ. ಬೇಡಿಕೊಳ್ಳುವವನ ಧ್ವನಿ ಅದು.

ಅಕ್ಕ ಕಣ್ಣು ಮುಚ್ಚಿಕೊಂಡಳು. ಅವಳ ತುಟಿ ಆಡುತ್ತಿತ್ತು.

‘ನಮ್ಮವಳು ಕಛೇರಿಗೆ ಹೋಗ್ತಾಳೆ,’ ಎಂದಳು.

ಅವನು ಬರೆದುಕೊಂಡ. ಕಾದ. ಒಳಗೆ ಹೆಂಡತಿ ಪಾತ್ರೆಗಳ ಸದ್ದು ನಿಲ್ಲಿಸಿದ್ದಳು.

‘ಆಮೇಲೆ?’

‘ಅಲ್ಲಿ ಒಬ್ಬ ಇರ್ತಿದ್ದ. ಅವನು ಏನೋ ಕೇಳ್ತಿದ್ದ, ಇವಳು ಏನೋ ಹೇಳ್ತಿದ್ಲು. ಎಲ್ಲರೂ ನಗ್ತಿದ್ರು.’ ಅಕ್ಕ ತುಂಬ ಹೊತ್ತು ಹಾಗೆಯೇ ಕೂತಿದ್ದಳು, ಕತ್ತಲೆಯಲ್ಲಿ ಏನನ್ನೋ ತಡವರಿಸುವವಳ ಹಾಗೆ. ಮತ್ತೆ ಕಣ್ಣು ತೆರೆದಾಗ ಅವುಗಳಲ್ಲಿ ಸಿಟ್ಟಿರಲಿಲ್ಲ.

‘ಬರೋಲ್ಲ ಕಣೋ,’ ಎಂದಳು. ‘ನೆನಪಿದ್ರೆ ಸಂಕಟ ಆಗ್ತಿತ್ತು. ಅದನ್ನೆಲ್ಲ ಮರೆಯೋಕೆ ನಾನು ಎಷ್ಟು ವರ್ಷ ಕಷ್ಟಪಟ್ಟಿದ್ದೀನಿ. ಈಗ ಮರೆತುಹೋಗಿದೆ.’